ಎಂಬತ್ತಕ್ಕೇ ನಿಂತ ಕಾರು

ಹೆದ್ದಾರಿಯ ಚಾರ್ಜಿಂಗ್ ಕೇಂದ್ರದಲ್ಲಿ ಸರದಿಗೆ ಕಾದು ಕುಳಿತಿದ್ದ ಮೇಷ್ಟ್ರಿಗೆ, ಹಿಂದಿನ ಕಾರಿಗೆ ಒರಗಿ ನಿಂತ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬಿತ್ತು.

"ರಾತ್ರಿಯಿಡೀ ಚಾರ್ಜಿಗೆ ಹಾಕಿದ್ರಲ್ಲ?"

"ಎಂಬತ್ತು ಪರ್ಸೆಂಟಿಗೇ ನಿಲ್ಲೋ ಹಾಗೆ ಇಟ್ಟಿದ್ದೆ ಕಣೆ. ದಿನಾ ಇಡೋ ಹಾಗೆ."

"ಆಸ್ಪತ್ರೆಯಿಂದ ಅಣ್ಣ ಫೋನ್ ಮಾಡಿದ ಮೇಲೂನಾ?"

"ಮರೆತೇಬಿಟ್ಟೆ."

ಅವಳು ಗಂಡನ ಗಡಸು ದನಿಯನ್ನೇ ಅಣಕಿಸಿದಳು. "'ತುಂಬಿಸಿದ್ರೆ ಬ್ಯಾಟರಿ ಆಯಸ್ಸು ಕಮ್ಮಿಯಾಗುತ್ತೆ.' ಅದರ ಆಯಸ್ಸು ಉಳಿಸಿದ್ರಿ. ನಮ್ಮಪ್ಪಂದು?"

"ಮುಂದೆ ಎರಡೇ ಕಾರಿದೆ, ತಾಳು."

"ಅಣ್ಣ ಈಗ ಫೋನೂ ತೆಗೀತಿಲ್ಲ ರೀ."

ದೂರದಲ್ಲಿ ಬಸ್ಸು ಕಂಡಿತು. ಅವಳು ತಿರುಗಿ ನೋಡದೆ ರಸ್ತೆಗೆ ನಡೆದಳು. ಗಂಡ ಕಾರನ್ನೊಮ್ಮೆ ನೋಡಿ, ಬೀಗವನ್ನೂ ಹಾಕದೆ ಅವಳ ಹಿಂದೆ ಓಡಿದ.

ನನ್ನ ಸರದಿ ನೀವೇ ತಗೊಳ್ಳಿ ಎನ್ನಲು ಮೇಷ್ಟ್ರು ಬಾಗಿಲು ತೆಗೆಯುವಷ್ಟರಲ್ಲಿ ಇಬ್ಬರನ್ನೂ ಹತ್ತಿಸಿಕೊಂಡು ಬಸ್ಸು ಹೊರಟಾಗಿತ್ತು.