ಬಾಜೂ ಡೇರೆದಾಕಿ

ಅಣವೀರಪ್ಪ ನಮ್ಮ ಸಯನ್ ಚಾಳಿನ ಕೊನೆಯ ಖೋಲಿಯವನು. ಬಾಗಲಕೋಟೆ ಕಡೆಯ ಮನುಷ್ಯ. ಮಾತು ಕಮ್ಮಿ. ಸುಳ್ಳು ಹೇಳಲು ಹೋದರೆ ನಾಲಿಗೆ ತೊದಲಿ ಅಲ್ಲೇ ಸಿಕ್ಕಿಬೀಳುವಂಥವನು. ಅವನಿಗೆ ಆದದ್ದು ಇದು. ಬಾಗಿಲು ಸ್ವಲ್ಪ ಮುಂದಕ್ಕೆ ಹಾಕಿ... ಹಾಂ, ಅಷ್ಟು ಸಾಕು.

ಎಪ್ಪತ್ತೊಂದನೇ ಇಸವಿ. ಜೂನಿನ ಮೊದಲ ಮಳೆಯ ರಾತ್ರಿ. ಅಣವೀರಪ್ಪ ಕಾಡಿನ ಕಾಲುದಾರಿಯಲ್ಲಿ ದಹಿಸರ್ ಕಡೆಗೆ ಓಡುತ್ತಿದ್ದ. ಕೈಯಲ್ಲಿ ಬ್ಯಾಟರಿ. ಅದರ ಬೆಳಕೋ, ಸಾಯಲು ಬಂದ ಮಿಂಚುಹುಳದಷ್ಟು. ದಾರಿಯಲ್ಲಿ ಒಂದು ದೊಡ್ಡ ಆಲದಮರ. ಮರದ ಬುಡಕ್ಕೆ ಹಳೆಯ ಬಾವಿ. ಹಗಲು ಹೊತ್ತಿನಲ್ಲಿ ಅವನೇ ಅಲ್ಲಿಂದ ನೀರು ಸೇದುತ್ತಿದ್ದ.

ಮರದ ಹತ್ತಿರ ಬಂದಾಗ ಬಾವಿಯ ಗಡಗಡಿ ತಿರುಗುವ ಸದ್ದು ಕೇಳಿಸಿತು.

ಕಿರ್ರ್... ಕಿರ್ರ್... ಕಿರ್ರ್...

ಇಂಥ ಮಳೆಯಲ್ಲಿ ಯಾರು ನೀರು ಸೇದುತ್ತಾರೆ? ಬ್ಯಾಟರಿಯ ಬೆಳಕು ಬಿಟ್ಟ. ಹಗ್ಗ ಮೇಲೇರುತ್ತಿತ್ತು. ಎಳೆಯುವ ಕೈ ಕಾಣಲಿಲ್ಲ. ಕೊಡ ಬಾವಿಯ ಕಟ್ಟೆಗೆ ತಾಗಿ ಟಣ್ ಎಂದಿತು. ಆಮೇಲೆ ಮರದ ಹಿಂದಿನಿಂದ ಒಂದು ಹೆಣ್ಣಿನ ದನಿ. ತೀರಾ ಮೆಲ್ಲಗೆ, ಮಲಗಿದ ಮಗುವಿನ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ.

"ಎಷ್ಟು ಹೊತ್ತಾತು, ತಮ್ಮಾ?"

ಜೀವ ಬಾಯಿಗೆ ಬಂದ ಮನುಷ್ಯನಿಗೆ ಯಾರು, ಏನು ಎಂದು ಕೇಳುವ ಎಚ್ಚರ ಇರುತ್ತದೆಯೇ? ಅವನು ಓಡುತ್ತಲೇ ಉತ್ತರ ಕೊಟ್ಟುಬಿಟ್ಟ.

"ಈಗ ಶುರುವಾಗೇತಿ. ಒಬ್ಬಾಕಿನ ಅದಾಳ."

ಹೊಳೆಯ ದಂಡೆಗೆ ಬಂದು ನೀರಿಗೆ ಕಾಲಿಟ್ಟಾಗ ಅವನಿಗೆ ತಟ್ಟನೆ ಅರಿವಾಯಿತು. ತಾನು ಯಾರಿಗೆ ಹೇಳಿದೆ? ಆ ಕಾಡಿನಲ್ಲಿ, ತನ್ನ ಊರಿನ ಮಾತಿನಲ್ಲಿ ಕೇಳಿದವರು ಯಾರು?

ತಿರುಗಿ ಹೋಗುವ ಹಾಗಿರಲಿಲ್ಲ. ಸೂಲಗಿತ್ತಿ ಇದ್ದದ್ದು ಹೊಳೆಯ ಆಚೆಗೆ.

ಅವನು ಕಾಡಿನಲ್ಲಿ ಏನು ಮಾಡುತ್ತಿದ್ದ ಎನ್ನುತ್ತೀರಾ? ದಹಿಸರ್ ಪೂರ್ವಕ್ಕೆ, ಕಾಡಿನ ಒಳಗೆ, ಒಡ್ಡು ಕಟ್ಟಿ ನಿಲ್ಲಿಸಿದ ಒಂದು ಸಣ್ಣ ಕೆರೆ. ಅದರ ದಂಡೆಯ ಬಯಲಿನಲ್ಲಿ ಆಫೀಸಿನ ಹುಡುಗರದ್ದೊಂದು ಕ್ಲಬ್ಬು ಕ್ಯಾಂಪ್ ನಡೆಸುತ್ತಿತ್ತು. ದೀಪಾವಳಿ ಕಳೆದರೆ ಶುರು. ಶನಿವಾರ ಬಂತೆಂದರೆ ಬೆನ್ನಿಗೆ ಚೀಲ, ಹೆಗಲಿಗೆ ಟ್ರಾನ್ಸಿಸ್ಟರು, ಕೆಲವರು ಹೆಂಡತಿ ಮಕ್ಕಳ ಸಮೇತ ಬಂದಿಳಿಯುತ್ತಿದ್ದರು. ಡೇರೆ ಎಬ್ಬಿಸುವುದು, ಗೂಟ ಬಡಿಯುವುದು, ಹಗ್ಗ ಬಿಗಿಯುವುದು, ಸೌದೆ ತರುವುದು, ರಾತ್ರಿ ಕಾವಲು, ಎಲ್ಲ ಅಣವೀರಪ್ಪನದೇ. ಅವನಿಗೂ ಒಂದು ಡೇರೆ ಕೊಟ್ಟಿದ್ದರು. ಚಾಳಿನ ಖೋಲಿಯಲ್ಲಿ ಅಣ್ಣನ ಸಂಸಾರ ತುಂಬಿಕೊಂಡಿದ್ದರಿಂದ ಹೆಂಡತಿ ಹಾಲವ್ವನೂ ಅಲ್ಲೇ ಇದ್ದಳು. ಬಂದವರಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು.

ಹಾಲವ್ವ ತುಂಬಿದ ಬಸುರಿ. ಅದಕ್ಕೆ ಮೊದಲು ಎರಡು ಕೂಸು ಹುಟ್ಟಿದ ದಿನವೇ ಮಣ್ಣಿಗೆ ಹೋಗಿದ್ದವು. ಈ ಸಲ ಆಸ್ಪತ್ರೆಯಲ್ಲೇ ಆಗಲಿ ಎಂದು ಗಂಡ ಹೆಂಡತಿ ಹಟ ಹಿಡಿದಿದ್ದರು. ಇನ್ನೂ ದಿನ ಇದೆ ಎಂದಿದ್ದರು ಅಲ್ಲಿ.

ಕೊನೆಯ ಕ್ಯಾಂಪಿನವರು ಆ ಮಧ್ಯಾಹ್ನ ಹೊರಟುಹೋದರು. ಅಣವೀರಪ್ಪ ಸಂಜೆಯೊಳಗೆ ಎಲ್ಲ ಡೇರೆ ಕಿತ್ತ, ಮಡಚಿದ, ಒಟ್ಟಿ ಮೇಲೆ ತಾಡಪತ್ರಿ ಹೊದಿಸಿದ. ಬೆಳಿಗ್ಗೆ ಟೆಂಪೋ ಬರುವುದಿತ್ತು. ಅದರಲ್ಲೇ ಇವರೂ ಸಯನ್‌ಗೆ. ಇಡೀ ಬಯಲಿನಲ್ಲಿ ಉಳಿದದ್ದು ಇವರದೊಂದೇ ಡೇರೆ. ಒಂದೇ...

ಕತ್ತಲಾಗುತ್ತಲೇ ಮಳೆ ಹಿಡಿಯಿತು. ಮಳೆಯ ಹಿಂದೆಯೇ ನೋವು.

"ಏನ್ರೀ... ಶುರುವಾತು ಕಾಣ್ತೈತಿ."

"ಸುಳ್ಳು ನೋವು ಇರಬೇಕು. ತಡಿ."

"ಇಲ್ಲ. ನೀರು ಹೋಗ್ಯಾವ."

ಎತ್ತಿಕೊಂಡು ಹೋಗೋಣ ಎಂದರೆ ಹೊಳೆ ಏರುತ್ತಿತ್ತು. ಅವನು ಡೇರೆಯ ಬಾಯಿಯಲ್ಲಿ ನಿಂತು ಒಳಗೆ ಹೊರಗೆ ನೋಡಿದ. "ನಿನ್ನ ಒಬ್ಬಾಕಿನ್ನ ಬಿಟ್ಟು ಹ್ಯಾಂಗ ಹೋಗ್ಲಿ?"

"ಕುಂತ್ರ ಇದೂ ಉಳಿಯಂಗಿಲ್ಲ," ಎಂದಳು ಹಾಲವ್ವ, ಹಲ್ಲು ಕಚ್ಚಿಕೊಂಡು. "ಹೋಗ್ರಿ. ದೇವಕ್ಕನ್ನ ಕರಕೊಂಡ ಬರ್ರಿ."

ಕಂದೀಲು ಅವಳ ತಲೆಯ ಹತ್ತಿರ ಇಟ್ಟು ಅವನು ಹೊರಬಿದ್ದ. ಹಾಗೆ ಹೊರಟವನಿಗೇ ಬಾವಿಯ ಹತ್ತಿರ ಆ ದನಿ ಕೇಳಿದ್ದು.

ದೇವಕ್ಕ ಕಲ್ಲಿನ ಖಣಿಯ ಗುಡಿಸಲುಗಳಲ್ಲಿ ಇರುತ್ತಿದ್ದಳು. ಖಣಿಯ ಹೆಂಗಸರ ಹೆರಿಗೆಯೆಲ್ಲ ಅವಳ ಕೈಯಲ್ಲೇ. ಎದ್ದು ಬಂದಳು, ಮಳೆ ನೋಡಿದಳು, ತಲೆ ಅಲ್ಲಾಡಿಸಿದಳು.

"ಆ ಕೆರಿ ದಂಡಿಗೇನು? ರಾತ್ರಿ ನಾ ಒಲ್ಲೆಪ್ಪಾ. ಹಗಲಾದ್ರ ಬರ್ತೀನಿ."

"ಹಗಲಿನ ತನಕ ಆಕಿ ಇರಂಗಿಲ್ಲವ್ವಾ."

ಅಣವೀರಪ್ಪ ಕೆಸರಿನಲ್ಲಿ ಉದ್ದಕ್ಕೆ ಬಿದ್ದು ಅವಳ ಕಾಲು ಹಿಡಿದ. ಬಿಡಲಿಲ್ಲ. ದೇವಕ್ಕ ಕಾಲು ಬಿಡಿಸಿಕೊಂಡಳು. ಆಮೇಲೆ ಒಳಗೆ ಹೋಗಿ ಎಣ್ಣೆಯ ಬಾಟಲಿ, ದಾರ, ಬ್ಲೇಡು ಸೆರಗಿಗೆ ಕಟ್ಟಿಕೊಂಡು ಬಂದಳು.

ಹೊಳೆ ಸೊಂಟಕ್ಕೆ ಬಂದಿತ್ತು. ಕೈ ಕೈ ಹಿಡಿದು ದಾಟಿದರು. ಆಲದ ಹತ್ತಿರ ಬಂದಾಗ ಗಡಗಡಿ ಸುಮ್ಮನಿತ್ತು. ಹಗ್ಗ ಜೋತಾಡುತ್ತಿತ್ತು. ಹಗ್ಗದ ತುದಿಯಲ್ಲಿ ಕೊಡ ಇರಲಿಲ್ಲ.

ಅಣವೀರಪ್ಪನ ಹೆಜ್ಜೆ ನಿಂತಿತು. ದೇವಕ್ಕ ಅವನ ಮಣಿಕಟ್ಟು ಒತ್ತಿ ಹಿಡಿದಳು.

"ನೋಡಬ್ಯಾಡ. ನಡಿ," ಎಂದಳು ಪಿಸುಮಾತಿನಲ್ಲಿ.

ಡೇರೆ ಕಂಡಿತು. ಒಳಗೆ ಕಂದೀಲು ಉರಿಯುತ್ತಿತ್ತು. ಬಟ್ಟೆಯ ಮೂಲಕ ಹಳದಿ ಬೆಳಕು. ಆದರೆ ನರಳುವ ಸದ್ದು ಇಲ್ಲ. ಯಾವ ಸದ್ದೂ ಇಲ್ಲ. ತಡವಾಯಿತು, ಎಲ್ಲ ಮುಗಿದುಹೋಯಿತು ಎಂದುಕೊಂಡೇ ಅವನು ಡೇರೆಯ ಬಾಯಿ ಸರಿಸಿದ.

ಹಾಲವ್ವ ಅಂಗಾತ ಮಲಗಿದ್ದಳು. ಮುಖ ತೊಳೆದಿತ್ತು. ಕೂದಲು ಬಾಚಿ ತುರುಬು ಕಟ್ಟಿತ್ತು. ಕಂಬಳಿ ಕಾಲಿನ ತನಕ ಒಪ್ಪವಾಗಿ ಹೊದಿಸಿತ್ತು. ಕಣ್ಣು ತೆರೆದಳು, ನಕ್ಕಳು.

"ಹೆಣ್ಣು," ಎಂದಳು. "ಅತ್ತೈತ್ರೀ. ಗಟ್ಟಿ ಐತಿ."

ದೇವಕ್ಕ ಕಂಬಳಿ ಎತ್ತಿ ನೋಡಿದಳು. ಎಲ್ಲ ಸರಿಯಾಗಿ ಆಗಿತ್ತು. ಮಾಸು ಬಿದ್ದಿತ್ತು, ಹೊಟ್ಟೆಗೆ ಬಟ್ಟೆ ಬಿಗಿದಿತ್ತು. ಮೂಲೆಯಲ್ಲಿ ಬಾವಿಯ ಕೊಡ. ಅದರಲ್ಲಿ ಅರ್ಧ ನೀರು.

"ಕೂಸು ಎಲ್ಲೈತಿ?" ಎಂದಳು ದೇವಕ್ಕ.

"ಬಾಜೂ ಡೇರೆದಾಕಿ ಒಯ್ದಾಳ. ಈ ಡೇರೆ ಸೋರಾಕತ್ತೈತಿ, ಕೂಸಿಗೆ ಥಂಡಿ ಹತ್ತತೈತಿ, ನನ್ನಲ್ಲೇ ಬೆಚ್ಚಗ ಇಟ್ಕೋತೀನಿ ಅಂದ್ಲು. ಭಾಳ ಚಲೋ ಹೆಣಮಗಳು. ನಿಮ್ಮ ಮನಿಯವರು ದಾರ್ಯಾಗ ಸಿಕ್ಕಿದ್ರು, ಅವರ ಹೇಳಿದ್ರು ಅಂತ ಬಂದ್ಲು."

ಅಣವೀರಪ್ಪ ಅವಳ ಹತ್ತಿರಕ್ಕೆ ಬಾಗಿದ.

"ಯಾವ ಡೇರೆ?"

"ಇದ ಬಾಜೂ ಡೇರೆ. ಆಕಿ ಕಂದೀಲಿನ ಬೆಳಕು ನಮ್ಮ ಡೇರೆ ಮ್ಯಾಲೆ ಬೀಳಾಕತ್ತಿತ್ತಲ್ಲ." ಗಂಡನ ಮುಖ ನೋಡಿ ಅವಳ ನಗು ಮಾಸಿತು. "ಯಾಕ್ರೀ? ಕ್ಯಾಂಪಿನವರು ಯಾರೋ ಉಳದಾರ ಅಂತ ತಿಳಕೊಂಡೆ..."

ಅವನು ಹೊರಗೆ ಹಾರಿದ. ಬ್ಯಾಟರಿಯ ಬೆಳಕು ಬಿಟ್ಟ. ಬಯಲು. ಮಳೆ. ತಾಡಪತ್ರಿಯ ಗುಡ್ಡೆ. ಮತ್ತೇನೂ ಇಲ್ಲ.

ಆಗ ಕೂಸಿನ ಅಳು ಕೇಳಿಸಿತು. ಕೆರೆಯ ಕಡೆಯಿಂದ.

ಅವನು ಓಡಿದ. ನೀರಿಗೆ ಬಿದ್ದ. ಮೊಣಕಾಲು, ಸೊಂಟ, ಎದೆ... ಎರಡೂ ಕೈಯಿಂದ ನೀರು ಬಾಚಿ ಬಾಚಿ ತಡಕಿದ. ಜೊಂಡು ಸಿಕ್ಕಿತು, ಕೆಸರು ಸಿಕ್ಕಿತು. ಅಳು ಈಗ ಬೆನ್ನ ಹಿಂದೆ. ತಿರುಗಿ ಬಂದ. ತಾಡಪತ್ರಿ ಹರಿದ. ಮಡಚಿಟ್ಟ ಡೇರೆಗಳನ್ನೆಲ್ಲ ಒಂದೊಂದಾಗಿ ಎಳೆದೆಸೆದ. ಒದ್ದೆ ಬಟ್ಟೆ ಧಪ್ ಧಪ್ ಎಂದು ಕೆಸರಿಗೆ ಬೀಳುತ್ತಿತ್ತು. ಅಡಿಯಲ್ಲಿ ಬರಿಯ ಹುಲ್ಲು. ಆ ಕಾಡಿನಲ್ಲಿ ಚಿರತೆ ಇತ್ತು, ಅವನೇ ಹೆಜ್ಜೆ ನೋಡಿದ್ದ. ಪೊದೆಗಳಿಗೆ ನುಗ್ಗಿದ. ಮುಳ್ಳು ಮೈಯೆಲ್ಲ ಗೀರಿತು. ಬ್ಯಾಟರಿ ಕೊನೆಗೂ ಸತ್ತಿತು.

"ನನ್ನ ಒಯ್ಯಿ!" ಎಂದು ಕತ್ತಲಿಗೆ ಕೂಗಿದ. "ನನ್ನ ಜೀವಾ ತಗೋ! ಅದನ್ನ ಬಿಡು! ಎರಡು ಹೂಳೇನಿ... ಇದೊಂದಾದ್ರೂ ಬಿಡು!"

ಆಮೇಲೆ ಬೈದ. ಆಮೇಲೆ ಬೇಡಿದ. ಕೆಸರಿನಲ್ಲಿ ಕೂತು ಹಣೆ ಹಣೆ ಚಚ್ಚಿಕೊಂಡ. ಅಳು ನಿಲ್ಲಲಿಲ್ಲ, ಆದರೆ ಸಣ್ಣದಾಗುತ್ತಿತ್ತು. ಞೆ... ಞೆ... ನಡುನಡುವೆ ಬಿಕ್ಕು. ಹಸಿದ ಕೂಸು ದಣಿದು ಅಳುವ ಹಾಗೆ.

ಡೇರೆಯ ಬಾಯಿ ಸರಿಯಿತು. ಹಾಲವ್ವ ಹೊರಗೆ ಬರುತ್ತಿದ್ದಳು. ಅಂಬೆಗಾಲಿನಲ್ಲಿ. ದೇವಕ್ಕ ತಡೆದಳು. ಅವಳು ಕೇಳಲಿಲ್ಲ.

ಅವಳಿಗೆ ಎಲ್ಲ ತಿಳಿದುಹೋಗಿತ್ತು. ಚೀರುತ್ತಾಳೆ ಎಂದುಕೊಂಡ ಅಣವೀರಪ್ಪ. ಅವಳು ಚೀರಲಿಲ್ಲ. ಬೆಳಕು ಬೀಳುತ್ತಿತ್ತು ಎಂದಳಲ್ಲ, ಆ ಕಡೆಗೆ ತೆವಳಿ ಹೋಗಿ ಮಳೆಯಲ್ಲಿ ಕೂತಳು. ನೆರೆಮನೆಯ ಬಾಗಿಲಲ್ಲಿ ನಿಂತು ಕರೆಯುವಂತೆ ಮೆಲ್ಲಗೆ ಕರೆದಳು.

"ಅಕ್ಕಾ..."

ಮಳೆ ಸುರಿಯುತ್ತಿತ್ತು.

"ಅಕ್ಕಾ, ಎದಿ ಬಿಗಿಯಾಕತ್ತಾವ. ಕೂಸಿಗೆ ಹಸದೈತಿ. ಕೊಡು, ಕುಡಸ್ತೀನಿ."

ಅಳು ಮಾತ್ರ ಕೇಳುತ್ತಿತ್ತು. ಇನ್ನೂ ಸಣ್ಣಗೆ.

ಹಾಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಂದಳು, "ನಿನಗ ಹಾಲು ಇದ್ರ ನೀನ ಕುಡಸು ಅಕ್ಕಾ. ನಾ ಏನೂ ಅನ್ನಂಗಿಲ್ಲ. ಹಡಿಸಿದಾಕಿ ನೀ. ಆದ್ರ ಇಲ್ಲಂದ್ರ... ಇಲ್ಲಂದ್ರ ಕೊಟ್ಟಬಿಡು. ಅದು ಸಾಯ್ತೈತಿ."

ಅಳು ನಿಂತಿತು.

ಆಗ ಒಂದು ಸದ್ದು. ಬಿಗಿದ ಹಗ್ಗದ ಗಂಟು ಬಿಚ್ಚುವ ಸದ್ದು. ಆಮೇಲೆ, ಸರ್ರ್... ಫಟ್! ಡೇರೆಯ ಬಾಯಿಯ ಬಟ್ಟೆ ಎತ್ತಿ ಹಿಂದಕ್ಕೆ ಹಾಕಿದ ಸದ್ದು. ಎಷ್ಟು ಸಲ ತನ್ನ ಕೈಯಿಂದಲೇ ಮಾಡಿದ ಸದ್ದು ಅದು. ಅಣವೀರಪ್ಪನಿಗೆ ಗುರುತು ತಪ್ಪುವುದುಂಟೇ?

ಹಾಲವ್ವನ ಮೊಣಕಾಲಿನ ಹತ್ತಿರ ಕೂಸು ಅತ್ತಿತು.

ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಸುತ್ತಿ ನೆಲದ ಮೇಲೆ ಇಟ್ಟಿತ್ತು. ಹಾಲವ್ವ ಬಾಚಿ ಎದೆಗೆ ಒತ್ತಿಕೊಂಡಳು. ದೇವಕ್ಕ ಕೂಸಿದ್ದ ಜಾಗದಲ್ಲಿ ಕೈಯಾಡಿಸಿದಳು, ಸರಕ್ಕನೆ ಕೈ ಹಿಂದೆಗೆದಳು.

"ಒಣ ನೆಲ," ಎಂದಳು. "ಧೂಳು ಐತಿ."

ಬೆಳಗಾಗುವ ತನಕ ಮೂವರೂ ಡೇರೆಯೊಳಗೆ ಕಂದೀಲಿನ ಸುತ್ತ ಕೂತಿದ್ದರು. ಕೂಸು ಮೊಲೆ ಹಿಡಿದು ಚೀಪುತ್ತಿತ್ತು. ಮಳೆ ನೆಲಕ್ಕೆ ಬೀಳುವ ಸದ್ದೇ ಬೇರೆ, ಬಿಗಿದ ಬಟ್ಟೆಯ ಮೇಲೆ ಬೀಳುವ ಸದ್ದೇ ಬೇರೆ. ಡೇರೆಯವನಿಗೆ ಅದನ್ನು ಹೇಳಿಕೊಡಬೇಕಿಲ್ಲ. ಇವರ ತಲೆಯ ಮೇಲೆ ಟಪಟಪ ಟಪಟಪ... ಬಾಜೂಕೂ ಟಪಟಪ ಟಪಟಪ... ಇಡೀ ರಾತ್ರಿ. ಒಮ್ಮೆ ಆ ಕಡೆಯಿಂದ ಯಾರೋ ಮಗ್ಗುಲು ಬದಲಿಸಿ ನಿಟ್ಟುಸಿರು ಬಿಟ್ಟ ಹಾಗಾಯಿತು. ಹಾಲವ್ವ ಕೂಸಿನ ತಲೆಯ ಮೇಲೆ ಕೈ ಇಟ್ಟಳು, ಅಷ್ಟೇ.

ನಸುಕಿನಲ್ಲಿ ಅಣವೀರಪ್ಪ ಧೈರ್ಯ ಮಾಡಿ ಇಣುಕಿದ. ಬಯಲೆಲ್ಲ ಕೆಸರು. ನಟ್ಟನಡುವೆ ಒಂದು ಡೇರೆಯಷ್ಟು ಉದ್ದಗಲದ ನೆಲ ಮಾತ್ರ ಬೇಸಿಗೆಯಲ್ಲಿ ಇರುವ ಹಾಗೆ ಬೆಳ್ಳಗೆ ಒಣಗಿತ್ತು. ಸುತ್ತಲೂ ಗೂಟ ಈಗಷ್ಟೇ ಕಿತ್ತ ತೂತುಗಳು. ನೋಡುತ್ತಿದ್ದಂತೆ ಅದರ ಮೇಲೂ ಹನಿ ಬೀಳತೊಡಗಿತು. ಮೆಲ್ಲಗೆ ಅದೂ ಕಪ್ಪಾಯಿತು.

ಟೆಂಪೋ ಬರಲಿಲ್ಲ. ಹೊಳೆ ಇಳಿದ ಮೇಲೆ ಅವನು ಹೆಂಡತಿಯನ್ನು ಬೆನ್ನ ಮೇಲೆ ಹೊತ್ತ, ದೇವಕ್ಕ ಕೂಸನ್ನು ಎತ್ತಿಕೊಂಡಳು. ಆಲದ ಹತ್ತಿರ ಬಂದಾಗ ಹಾಲವ್ವ ಗಂಡನನ್ನು ನಿಲ್ಲಿಸಿದಳು. ಬಾವಿಯ ಕಡೆ ಕೈ ಮುಗಿದಳು. ಆಮೇಲೆ ಸ್ಟೇಷನ್ನು, ಲೋಕಲ್ಲು, ಸಯನ್. ಆ ಕ್ಯಾಂಪಿನ ಕೆಲಸಕ್ಕೆ ಅಣವೀರಪ್ಪ ಮತ್ತೆ ಕಾಲಿಡಲಿಲ್ಲ. ಅಲ್ಲಿ ಮೊದಲು ಯಾರು ಇದ್ದರು, ಏನಾಗಿತ್ತು ಎಂದು ಖಣಿಯವರನ್ನು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ದೇವಕ್ಕನಿಗೆ ಗೊತ್ತಿದ್ದರೂ ಅವಳು ಹೇಳಲಿಲ್ಲ.

ಕೂಸಿಗೆ ಸೇವಂತಿ ಎಂದು ಹೆಸರಿಟ್ಟರು. ನಮ್ಮ ಚಾಳಿನ ಅಂಗಳದಲ್ಲೇ ಕುಂಟಾಬಿಲ್ಲೆ ಆಡುತ್ತದಲ್ಲ, ಅದೇ ಹುಡುಗಿ. ಸುಳ್ಳು ಎನ್ನುವವರು ನಾಳೆ ಅಣವೀರಪ್ಪನ ಎದುರಿಗೆ ನಿಂತು ಅನ್ನಲಿ. ನಾನು ಒಂದು ಮಾತೂ ಕೂಡಿಸಿಲ್ಲ.

ಇನ್ನೊಂದು ಹೇಳುವುದಿದೆ. ಆ ಬೆಳಿಗ್ಗೆ ಹೊರಡುವ ಮೊದಲು ದೇವಕ್ಕ ಕೂಸಿನ ಮೈ ಒರೆಸಲು ಸೀರೆಯ ತುಂಡು ಬಿಚ್ಚಿದಳು. ಎಡಗಾಲಿನ ಅಂಗಾಲಲ್ಲಿ ಒಂದು ಕಾಡಿಗೆ ಬೊಟ್ಟು. ದೃಷ್ಟಿ ತಾಗಬಾರದು ಎಂದು ಇಡುತ್ತಾರಲ್ಲ, ಹಾಗೆ. ದೇವಕ್ಕ ಇಟ್ಟಿರಲಿಲ್ಲ. ಹಾಲವ್ವನೂ ಇಟ್ಟಿರಲಿಲ್ಲ. ಆ ಡೇರೆಯಲ್ಲಿ ಕಾಡಿಗೆಯೇ ಇರಲಿಲ್ಲ. ಅಣವೀರಪ್ಪ ಬೆರಳಿನ ತುದಿಯಿಂದ ಮುಟ್ಟಿ ನೋಡಿದ. ಬೆರಳಿಗೆ ಕಪ್ಪು ಹತ್ತಿತು.

ಕಾಡಿಗೆ ಇನ್ನೂ ಬೆಚ್ಚಗಿತ್ತು.