ದುಂಡಗಿನದು ಎಲ್ಲಿ ಹೋಯಿತು

ಸಾವಿನ ಮನೆಯಿಂದ ನೇರ ಮನೆಗೆ ಹೋದರೆ ಸತ್ತವರು ಬೆನ್ನು ಹತ್ತುತ್ತಾರೆಂದು ಇಲೊಯ್ಲೊ ಊರಿನ ಜನ ದಾರಿಯಲ್ಲಿ ದಿತಾಸಳ ಅಂಗಡಿಗೆ ನುಗ್ಗಿ, ಒಂದು ಬನ್ನು ತಿಂದು, ಆತ್ಮಕ್ಕೆ ಅಲ್ಲೇ ದಾರಿ ತಪ್ಪಿಸಿ ಹೋಗುತ್ತಾರೆ. ಅಂದು ಮಧ್ಯಾಹ್ನ, ಜೊತೆಗೆ ಓದುತ್ತಿದ್ದ ಗೆಳತಿ ಕ್ಲಾರಿಬೆಲ್‌ಳ ಅಂತಿಮ ದರ್ಶನ ಮುಗಿಸಿ ಇಬ್ಬರು ಹುಡುಗಿಯರು ಬಂದು ಕೂತರು. ಅವರ ಮಾತು ಒಲೆಯ ಬಳಿಯಿದ್ದ ದಿತಾಸಳ ಕಿವಿಗೆ ಬಿತ್ತು.

“ನಾಳೆ ಕೆಮಿಸ್ಟ್ರಿ ಪರೀಕ್ಷೆ ಕಣೇ,” ಎಂದಳು ಮಯುಮಿ.

“ಹ್ಞೂಂ. ಏನಾದ್ರೂ ಕೇಳು,” ಎಂದಳು ರೋವೆನಾ.

“ಕಾರ್ಬನ್ನಿನ ಹೊರಗಿನ ಕವಚದಲ್ಲಿ ದುಂಡಗಿರೋ ಆರ್ಬಿಟಲ್ ಒಂದು, ಡಂಬೆಲ್ ಥರದ್ದು ಮೂರು. ಮೀಥೇನಲ್ಲಿ ನಾಲ್ಕು ಬಂಧಾನೂ ಒಂದೇ ಥರ ಹೆಂಗಾಯ್ತು?”

“ಬೆರೆತು ಹೋಗ್ತವೆ. ಹೈಬ್ರಿಡೈಸೇಷನ್.”

“ಬೆರೆತ ಮೇಲೆ ದುಂಡಗಿಂದು ಎಲ್ಲಿ ಹೋಯ್ತು?”

“ಎಲ್ಲೂ ಹೋಗಿಲ್ವಂತೆ. ನಾಲ್ಕರಲ್ಲೂ ಕಾಲು ಕಾಲು ಇದೆ ಅಂತಿದ್ಲು ಕ್ಲಾರಿಬೆಲ್.”

“ನಿಂಗೆ ಅರ್ಥ ಆಗಿತ್ತಾ?”

“ಇಲ್ಲ, ಸುಮ್ನೆ ತಲೆ ಆಡಿಸ್ದೆ. ‘ಎಮ್ಮೇ, ನಾಳೆ ಬಾ, ಮತ್ತೆ ಹೇಳ್ತೀನಿ’ ಅಂದ್ಲು.”

ಮಯುಮಿ ಒಲೆಯ ಬಳಿಯ ಬನ್ನುಗಳತ್ತ ತಿರುಗಿದಳು.

“ಬನ್ ತಿಂದ್ರೆ ಅವಳು ಇಲ್ಲೇ ಉಳೀತಾಳೆ, ಅಲ್ವಾ?”

“ಹಂಗಂತಾರೆ.”

“ಹಂಗಾದ್ರೆ ಏಳೇ. ಬನ್ ಬೇಡ.”

ದಿತಾಸ್ ತಟ್ಟೆ ತರುವಷ್ಟರಲ್ಲಿ ಇಬ್ಬರೂ ಬಾಗಿಲನ್ನು ತೆರೆದೇ ಬಿಟ್ಟು, ನೇರ ಮನೆಯ ದಾರಿ ಹಿಡಿದಿದ್ದರು.