ಮಂಗಳೂರಾಗ ಎಲ್ಲಿ ಉಣ್ಬೇಕು

ಹಲೋ… ಹಲೋ, ಯಾರ್ರಿ ಮಾತಾಡೋದು?

… ಯಾರು? ಸ್ವಲ್ಪ ಜೋರ ಹೇಳ್ರಿ. ರೊಟ್ಟಿ ಬಡಿಯಾಕತ್ತೇನಿ, ಈ ಸಪ್ಪಳದಾಗ ಏನೂ ಕೇಳವಲ್ದು. ತಡೀರಿ, ಕೈ ಒರಸ್ಕೊತೇನಿ. … ಹಾಂ, ಈಗ ಹೇಳ್ರಿ.

… ಹೌದ್ರಿ, ನಾನ ಸುವರ್ಣಾ. ಗೊಳಸಂಗಿ ಸುವರ್ಣಾ. ನೀವು? … ವಿದ್ಯಾವತಿ. ಇಂಡಿಯವ್ರು. ಇಂಡಿ ಒಳಗ ನಮಗ ಗುರುತಿನವ್ರು ಯಾರೂ ಇಲ್ಲಲ್ರಿ. ನನ್ನ ನಂಬರ ಯಾರ ಕೊಟ್ರು ನಿಮಗ?

… ಓ! ದವಾಖಾನಿ ಧರ್ಮಶಾಲಿ ಅಡಗಿ ಖೋಲ್ಯಾಗ, ಬಾಗಲಾ ಹಿಂದ? ಪೆನ್ಸಿಲ್ಲಿನಿಂದ ಬರದದ್ದು, ಹೌದಲ್ಲ? ಇನ್ನೂ ಅಳಿಸಿಲ್ಲ ನೋಡ್ರಿ ಅದನ್ನ. ‘ವಿಜಾಪುರ ಕಡಿಯವ್ರು ಊಟದ ತ್ರಾಸ ಆದ್ರ ಫೋನ ಮಾಡ್ರಿ’ ಅಂತ ನಾನ ಬರದೇನ್ರಿ ಅದನ್ನ. ಎರಡ ವರ್ಷ ಆತು. ನಮ್ಮ ಹುಡುಗನ ಔಷಧ ನಡದಾಗ ನಾವೂ ಅಲ್ಲೇ ಇದ್ವಿ. ಹಂಗಂದ್ರ ಮಂಗಳೂರಿಂದ ಮಾತಾಡಾಕತ್ತೀರಿ.

… ಮಗಳೇನು? ಹೆಸರೇನು? … ಕೋಮಲ. ಎಷ್ಟ ವಯಸ್ಸು? … ಏಳು. ನಮ್ಮ ಗುರುನಾಥಗೂ ಆಗ ಎಂಟ ತುಂಬಿತ್ತು. ರಕ್ತದ ಜಡ್ಡನ ಹೌದಲ್ಲ? … ಹೂಂ. … ಹೂಂ. ಬ್ಯಾಡ್ರಿ, ಪೂರಾ ಹೇಳೂದ ಬ್ಯಾಡ, ನನಗ ಗೊತ್ತೈತಿ ಅದು. ಊಟದ್ದ ಹೇಳ್ರಿ. ಇವತ್ತ ಏನ ತಿಂದಾಳ?

… ಏನೂ ಇಲ್ಲ? ನಿನ್ನಿ? … ಅರ್ಧ ಬಿಸ್ಕೀಟ. ಮತ್ತ ನೀವು? … ಹೌದ್ರಿ, ನಿಮ್ಮನ್ನ ಕೇಳಾಕತ್ತೇನಿ. … ಚಾ ಕುಡದ ಮೂರ ದಿನ ತಗದೀರಿ ಅನ್ರಿ.

… ಇಲ್ರಿ ಯವ್ವಾ, ಸಿಟ್ಟಿಲ್ಲ. ನನ್ನ ದನೀನ ಹಿಂಗ ಐತಿ. ಮುಂಜಾನಿಂದ ತೊಗರಿ ಕೊಯ್ಲಿಗೆ ಹೋಗಿದ್ದೆ, ನಡಾ ಹಿಡದೈತಿ, ಮಾತ ಸೋತ ಬರ್ತಾವ. ನೀವು ಹೇಳ್ರಿ.

… ಅಯ್ಯ, ಆ ವಾಸನಿ! ಗೊತ್ತೈತ್ರಿ. ನಾ ಮೊದಲನೇ ದಿನ ಒಂದ ಹೋಟೆಲ್‌ಗೆ ಹೋಗಿ ಬರೇ ‘ಊಟ ಕೊಡ್ರಿ’ ಅಂದೆ. ಅನ್ನ ಬಂತು, ಸಾರ ಬಂತು. ಸಾರಿನ್ಯಾಗ ಕೈ ಹಾಕಿದ್ರ ಇಡೀ ಮೀನ, ಕಣ್ಣ ತಗದ ನನ್ನನ್ನ ನೋಡಾಕತ್ತಿತ್ತು! ನಮ್ಮ ಗುರ್ಯಾ ‘ಯವ್ವಾ, ಇದಕ ಇನ್ನೂ ಜೀವ ಐತೇನು’ ಅಂತಾನ. ಊಟ ಅಂದ್ರ ಅಲ್ಲಿ ಎಷ್ಟೋ ಕಡಿ ಮೀನ ಬಂದ ಬರತೈತ್ರಿ, ಅದು ಅವರ ಬದುಕು. ಅವರದೇನ ತಪ್ಪಿಲ್ಲ. ನಾವ ಕೇಳಿ ಒಳಗ ಹೋಗ್ಬೇಕು.

… ನಕ್ಕಿರಿ ನೋಡ್ರಿ. ನಗ್ರಿ. … ತಡೀರಿ, ಹಿಂದ ಅದೇನ ಒದರಾಕತ್ತಾರ ಮೈಕಿನ್ಯಾಗ? ದವಾಖಾನ್ಯಾಗ ಅದೀರಿಲ್ಲೋ?

… ಬಸ್ ಸ್ಟ್ಯಾಂಡಿನ್ಯಾಗ? ಯಾಕ?

… ವಿಜಾಪುರ ಬಸ್ಸು. ಐದೂವರಿದ್ದು. … ಕೋಮಲ? … ಮಗ್ಗಲದಾಗ ಅದಾಳ. ಗಂಟು ಕಟ್ಟಿಕೊಂಡ ಬಂದೀರಿ. … ಮುಂದಿನ ಔಷಧ ಯಾವತ್ತ ಐತ್ರಿ? … ನಾಳೆ ಮುಂಜಾನೆ. ನಾಳೆ ಮುಂಜಾನೆ ಔಷಧ ಐತಿ, ಇವತ್ತ ಸಂಜಿಕ ಹೊಂಟೀರಿ.

… ನಿಮ್ಮ ಯಜಮಾನ್ರಿಗೆ ಹೇಳೀರಿ? … ತೊಗರಿ ರಾಶಿ ಅಂತ ಊರಿಗೆ ಹ್ವಾದ್ರು. ಹೇಳಿಲ್ಲ. … ಡಾಕ್ಟ್ರಿಗೂ ಹೇಳಿಲ್ಲ. ಹಂಗಾರ ನನಗ ಒಬ್ಬಾಕಿಗೇ ಹೇಳಾಕತ್ತೀರಿ.

… ಅಳಬ್ಯಾಡ್ರಿ. ಹುಡುಗಿ ನೋಡಾಕತ್ತಿರತಾಳ. … ಗುರೂ, ಆ ಹಂಚಿನ ಮ್ಯಾಲಿನ ರೊಟ್ಟಿ ತಿರವಿ ಹಾಕಪ್ಪ, ಹೊತ್ತೀತು. ಕೈ ಸುಟ್ಟಗೋಬ್ಯಾಡ, ಅರಿಬಿ ಹಿಡಿ. … ಹಾಂ, ಅವನ. ಅದಾನ್ರಿ. ಸಾಲಿಗಿ ಹೋಗ್ತಾನ. ಓಡಿದ್ರ ಸ್ವಲ್ಪ ದಮ್ಮ ಹತ್ತತೈತಿ, ಅಷ್ಟ. … ಹೇಳ್ರಿ, ಏನಾತು? ಬರೇ ಉಣ್ಣವಲ್ಲಳು ಅಂತ ಯಾರೂ ಬಸ್ ಹತ್ತಂಗಿಲ್ಲ. ಇನ್ನೇನೋ ಐತಿ.

… ರೊಟ್ಟಿಗೆ? ಏನ ಬಂತು? … ಬೂಸರು. ಹಸರ ಬೂಸರು. … ನಿಮ್ಮತ್ತಿ ಮಾಡಿದ ರೊಟ್ಟಿ, ನಲವತ್ತ. ಅರಿವ್ಯಾಗ ಕಟ್ಟಿ ಕೊಟ್ಟಿದ್ರು. ಇಂದ ಮುಂಜಾನೆ ಬಿಚ್ಚಿ ನೋಡಿದ್ರ ಎಲ್ಲಾ ಮೆತ್ತಗಾಗಿ ಬೂಸರು ಹಿಡದಾವ. … ಹೂಂ. … ನಿಮ್ಮ ಮನ್ಯಾಗ ಖಡಕ್ ರೊಟ್ಟಿ ಎರಡ ತಿಂಗಳ ಇಟ್ರೂ ಕೆಟ್ಟದ್ದ ಯಾರೂ ನೋಡಿಲ್ಲ. ಅದಕ್ಕ ಇದು ಅಪಶಕುನ, ದೇವ್ರು ಹೋಗ್ರಿ ಅನ್ನಾಕತ್ತಾನ ಅಂತ ತಿಳಕೊಂಡೀರಿ. ಇದ ಹೌದಲ್ಲ?

… ವಿದ್ಯಾವತಿ, ನಾ ‘ತಂಗಿ’ ಅಂತೇನಿ, ನಡೀತೈತೇನು? ನೀ ನನಗಿಂತ ಸಣ್ಣಾಕಿನ ಇರ್ತಿ. … ಹಾಂ. ತಂಗಿ, ನಾನೂ ಐವತ್ತ ರೊಟ್ಟಿ ಒಯ್ದಿದ್ದೆ. ನಮ್ಮವ್ವ ಎರಡ ದಿನ ಕುಂತ ಬಡದಿದ್ಲು. ಐದನೇ ದಿನಕ್ಕ ಹಸರ ಆದ್ವು. ಅದು ಸಮುದ್ರದ ಗಾಳಿ. ಅಲ್ಲಿ ಉಪ್ಪ ಸೈತ ನೀರ ಬಿಡತೈತಿ, ಕಡ್ಡಿ ಪೆಟಗಿ ಗೀರಿದ್ರ ಹತ್ತಂಗಿಲ್ಲ, ತೊಳದ ಅರಿವಿ ಮೂರ ದಿನ ಆದ್ರೂ ಒಣಗಂಗಿಲ್ಲ. ಇಲ್ಲಿ ನಮ್ಮ ಗಾಳಿಗೆ ತುಟಿ ಒಡೀತಾವ, ರೊಟ್ಟಿ ಖಡಕ್ ಇರ್ತಾವ. ಅಷ್ಟ ಅದು. ರೊಟ್ಟಿಗೇನ ಗೊತ್ತೈತಿ ನಿನ್ನ ಮಗಳ ಜಡ್ಡು?

… ಇಲ್ಲ, ಸಮಾಧಾನಕ್ಕ ಹೇಳಾಕತ್ತಿಲ್ಲ. ನನಗ ಯಾರೂ ಇದನ್ನ ಹೇಳಲಿಲ್ಲ ಆವಾಗ. ನಾನೂ ನಿನ್ನಂಗ ತಿಳಕೊಂಡೆ. ನಾನೂ ಗಂಟು ಕಟ್ಟಿದೆ, ಅದ ಬಸ್ ಸ್ಟ್ಯಾಂಡಿಗೆ ಬಂದೆ. ಬಸ್ ಹತ್ತಿದೆ ತಂಗಿ ನಾನು.

… ಹೂಂ. ಹತ್ತಿದೆ. ಮೂರ ವಾರ ಊರಾಗ ಇದ್ವಿ. ಗುರ್ಯಾ ರೊಟ್ಟಿ ಉಂಡ, ಹಾಲ ಕುಡದ, ಆಡಿದ. ನಾ ಆರಾಮ ಆತು ಅಂತಿದ್ದೆ. ಆಮ್ಯಾಲ ಒಂದ ಮುಂಜಾನೆ ಮೂಗಿನ್ಯಾಗ ರಕ್ತ ಇಳೀತು, ನಿಲ್ಲಲೇ ಇಲ್ಲ. ಮತ್ತ ಮಂಗಳೂರು. ಡಾಕ್ಟ್ರು ಬೈಲಿಲ್ಲ. ಬೈದಿದ್ರ ಚಲೋ ಆಗ್ತಿತ್ತು. ‘ಮತ್ತ ಮೊದಲಿಂದ ಮಾಡೋಣಮ್ಮ’ ಅಂದ್ರು. ನಾಕ ತಿಂಗಳ ಆಗೂದು ಒಂಬತ್ತ ತಿಂಗಳಾತು. ಆ ದಮ್ಮ ಹತ್ತೂದೂ ಅಲ್ಲಿಂದನ ಬಂತು. ಬಾಗಲಾ ಹಿಂದ ನಂಬರ ಅದಕ್ಕ ಬರದದ್ದು.

… ಎಷ್ಟ ಆತು ಈಗ ಟೈಮ? … ಐದು ಹತ್ತು. ಚಾರ್ಜ ಎಷ್ಟೈತಿ ಫೋನಿನ್ಯಾಗ? … ಎಂಟ ಪರ್ಸೆಂಟ. ಸಾಕು. ತಂಗಿ, ಬಸ್ ಹತ್ತೂದು ಬಿಡೂದು ಆಮ್ಯಾಲ ನೋಡೋಣಂತ. ಮೊದಲ ಹುಡುಗಿಗೆ ಏನರ ಉಣಸು. ಗಂಟಿನ್ಯಾಗ ಇನ್ನೇನೈತಿ?

… ಶೇಂಗಾ ಹಿಂಡಿ, ಚಟ್ನಿಪುಡಿ? ಎದರಾಗ ಹಾಕಿ? … ಸ್ಟೀಲ್ ಡಬ್ಬ್ಯಾಗ. ತಗದ ನೋಡು. … ನೋಡು ಅಂತೇನಿ, ತಗಿ. ಮುಚ್ಚಳ ಬಿಗಿ ಇತ್ತೇನು? … ವಾಸನಿ ಹ್ಯಾಂಗೈತಿ? … ಬಳ್ಳೊಳ್ಳಿ ವಾಸನಿ. ಚಲೋ ಐತಿ ಅಂದಂಗಾತು. ಈಗ ಹೇಳು, ಆ ಹಿಂಡಿ ಕುಟ್ಟಿ ಕೊಟ್ಟವ್ರ ಯಾರು? … ನಿಮ್ಮತ್ತಿ. ರೊಟ್ಟಿನೂ ಅವ್ರದ ಕೈ, ಹಿಂಡಿನೂ ಅವ್ರದ ಕೈ. ಒಂದು ಕೆಡ್ತು, ಒಂದು ಕೆಟ್ಟಿಲ್ಲ. ಶಕುನ ಆಗಿದ್ರ ಎರಡೂ ಕೆಡಬೇಕಿತ್ತಲ್ಲ? ಗಾಳಿ ಹೊಕ್ಕದ್ದ ಕೆಡ್ತು, ಮುಚ್ಚಿದ್ದ ಉಳೀತು.

… ಹೂಂ. ಏಳು. ಕೋಮಲನ ಬಗಲಾಗ ಎತ್ತಿಕೊ, ನಡಸಬ್ಯಾಡ. ಗೇಟ್ ದಾಟಿ ಹೊರಗ ಬಾ. ಆಟೋ ನಿಂತಾವಲ್ಲ, ಅದರ ಎಡಕ್ಕ ಒಂದ ಔಷಧ ಅಂಗಡಿ. ಐತೇನು? … ಅದರ ಮಗ್ಗಲಕ್ಕ ಓಣಿ ಇಳದ ಹೋಗ್ತೈತಿ, ಕೆಳಗ ಮೀನ ಮಾಡದ ಒಂದ ಸಣ್ಣ ಹೋಟೆಲ್ ಐತಿ. ಅಲ್ಲಿ ಎಲ್ಲಾ ಏರು ಇಳುವ, ನಮ್ಮಂಗ ಸಪಾಟ ನೆಲ ಒಂದ ಮಾರ ಸಿಗಂಗಿಲ್ಲ. ಹಗೂರಕ ಇಳಿ.

… ಎಳನೀರ ಗಾಡಿ ನಿಂತೈತಿ? ಇನ್ನೂ ಅಲ್ಲೇ ಐತ್ಯಾ ಅದು! ನಾಳಿಂದ ಅಲ್ಲೇ ತಗೋ. ಅಲ್ಲಿ ಅದಕ್ಕ ಸೀಯಾಳ ಅಂತಾರ. ನಿನ್ನ ಕಣ್ಣ ಮುಂದ ಕೊಚ್ಚಿಸ್ಕೊ, ಹುಡುಗಿಗೆ ಕೊಡೂದಕ್ಕ ಮೊದಲ ಡಾಕ್ಟ್ರನ್ನ ಕೇಳು. ಬಣ್ಣದ ಶರಬತ್ತು, ಐಸ್ಕ್ರೀಮ್ ಬ್ಯಾಡ, ಎಷ್ಟ ಅತ್ರೂ ಬ್ಯಾಡ. ಗಾಜಿನ ಗಿಲಾಸಿನ್ಯಾಗ ಕೆಂಪಗ, ಹಳದಿ ಪದರ ಪದರ ಇಟ್ಟಿರ್ತಾರಲ್ಲ, ನಮ್ಮ ಗುರ್ಯಾ ಅದಕ ಒಂಬತ್ತ ತಿಂಗಳ ಅತ್ತ. ಔಷಧ ಮುಗದ ದಿನ ಕೊಡಿಸಿದೆ. ಎರಡ ಚಮಚ ತಿಂದು ‘ಥಂಡಿ ಐತಿ’ ಅಂತ ಬಿಟ್ಟ. ಉಳಿದದ್ದು ನಾನ ತಿಂದೆ, ಅಳಕೋತ.

… ಮುಂಜಾನೆ ದವಾಖಾನಿ ಎದರ ಸಣ್ಣ ಕ್ಯಾಂಟೀನ ಐತಿ, ನೀರುದೋಸಿ ಮಾಡ್ತಾರ. ಬೆಳ್ಳಗ, ತೆಳ್ಳಗ, ಕರವಸ್ತ್ರದಂಗ ಮಡಚಿ ಕೊಡ್ತಾರ. ಹುಡುಗ್ರಿಗೆ ನುಂಗಾಕ ಹಗೂರ. ಬನ್ಸ ಅಂತಾರ, ಬಾಳಿಹಣ್ಣಿನ ಪೂರಿ ಇದ್ದಂಗ ಸಿಹಿ, ಅದು ನಿನಗ. ಬಿಸಿ ಇದ್ರ ಅಷ್ಟ ತಗೋ.

… ರೊಟ್ಟಿ? ರೊಟ್ಟಿನೂ ಸಿಗತೈತಿ. ನಗಬ್ಯಾಡ, ಖರೇನ. ಧರ್ಮಶಾಲಿ ಹಿಂದ ಹೊಸಾ ಬಿಲ್ಡಿಂಗ್ ಕಟ್ಟಾಕತ್ತಾರಲ್ಲ, ಅಲ್ಲಿ ತಗಡಿನ ಶೆಡ್ಡಿನ್ಯಾಗ ಮುದ್ದೇಬಿಹಾಳ ಹುಚ್ಚವ್ವ ಇರ್ತಾಳ, ಹ್ವಾದ ವಾರನ ನನಗ ಫೋನ ಮಾಡಿದ್ಲು. ಅಕಿ ಗಂಡ ಪರಸಪ್ಪ ಗೌಂಡಿ. ನಮ್ಮ ಕಡಿ ಮಂದಿನ ತಂಗಿ ಅಲ್ಲಿ ಮನಿ ಕಟ್ಟವ್ರು. ಸಂಜಿಕ ಅಕಿ ಒಲಿ ಹಚ್ಚಿದ್ರ ವಾಸನಿಗೇ ಹೊಟ್ಟಿ ತುಂಬತೈತಿ. ನಾಳೆ ಸಂಜಿಕ ಹೋಗು, ಗೊಳಸಂಗಿ ಸುವರ್ಣಾ ಕಳಿಸ್ಯಾಳ ಅನ್ನು. ಬೈತಾಳ ಮೊದಲ, ‘ಇಷ್ಟ ದಿನ ಎಲ್ಲಿ ಸತ್ತಿದ್ದಿ’ ಅಂತ. ಬೈಸ್ಕೊ. ಆಮ್ಯಾಲ ಕೈಯಾಗ ಬಿಸಿ ರೊಟ್ಟಿ ಇಡ್ತಾಳ.

… ಕೆಂಪ ಹಂಚಿನ ಮನಿ? ಅದ! ಮೂರ ಮೆಟ್ಟಿಲ, ಹಸರ ಪರದೆ. ಸಸ್ಯಾಹಾರಿ ಅಂತ ಬೋರ್ಡ ಐತಲ್ಲ? ಹೊಕ್ಕೊ. ಗಲ್ಲಾದಾಗ ಚಸ್ಮಾದ ಅಜ್ಜ ಇರ್ತಾರ, ಅವರಿಗೆ ಹೇಳು, ಒಂದ ಗಂಜಿ, ಬಿಸಿದು, ಮೆತ್ತಗ ಹಿಚುಕಿ ಕೊಡ್ರಿ ಅಂತ. … ಹಾಂ, ಕೆಂಪ ದಪ್ಪ ಅಕ್ಕೀನ. ಅದು ಬೆಂದಿಲ್ಲ ಅಂತ ನಾ ಮೊದಲ ಜಗಳಾ ತಗದಿದ್ದೆ. ಅದು ಹಂಗ ಇರೂದು. ಆ ಅಜ್ಜ ಪಾಪ ಎದುರ ಮಾತಾಡ್ಲಿಲ್ಲ, ಇನ್ನೊಂದ ತಾಟ ತಂದ ಇಟ್ರು.

… ಬಂತೇನು? … ಕೋಮಲನ ಬಾಯಾಗ ಹುಣ್ಣ ಅದಾವ? … ಇಲ್ಲ. ಚಲೋ ಆತು. ಹಂಗಾರ ಒಂದ ಚಿಮಟಿ ಹಿಂಡಿ ಹಾಕು. ಒಂದ ಚಿಮಟಿ ಅಷ್ಟ. ಕಲಸು. ಬಾಯಿಗೆ ಬಲವಂತಾ ಹಿಡೀಬ್ಯಾಡ. ಮುಂದ ಇಟ್ಟು ನೀ ಆ ಕಡಿ ನೋಡು. ವಾಸನಿ ಅಕಿನ್ನ ಕರೀಲಿ.

… ಏನಂತಾಳ? … ‘ಆಯಿ ಮಾಡಿದ್ದೇನು’ ಅಂದ್ಲು? … ನಿಮ್ಮತ್ತಿನ್ನ ನೆನಸಾಕತ್ತಾಳ, ಹೌದು ಅನ್ನು ತಂಗಿ. ಹೌದು, ಆಯಿ ಮಾಡಿದ್ದು ಅನ್ನು.

… ಮಾತಾಡಬ್ಯಾಡ. ಸುಮ್ಮನಿರು. ನಾ ಹಿಡದಿರ್ತೇನಿ ಫೋನ.

…

… ಗುರೂ, ನೀ ಉಣ್ಣು, ರೊಟ್ಟಿ ಬುಟ್ಟ್ಯಾಗ ಅದಾವ. ನಂದು ಆಮ್ಯಾಲ. … ಹೂಂ, ಮಂಗಳೂರಿಂದ ಫೋನು. ನಾವ ಹೋಗ್ತಿದ್ವಲ್ಲ, ಹಂಚಿನ ಹೋಟೆಲ್, ಅಲ್ಲಿಂದ. ನಿನ್ನಂಗ ಒಂದ ಹುಡುಗಿ.

… ಹಾಂ, ಹೇಳು. … ಎರಡ ತುತ್ತು? … ಮೂರು! … ಅದೇನದು, ಬಸ್ಸಿನ ಹಾರ್ನೇನು? ಇಲ್ಲಿತನಾ ಕೇಳಾಕತ್ತೈತಿ. … ವಿಜಾಪುರದ್ದ ಇರಬೇಕು. ಐದೂವರಿ ಆತು. … ಏಳಬೇಕಂತಿಯೇನು?

… ಏಳಂಗಿಲ್ಲ. … ಅಕಿ ಮುಗಿಸ್ಲಿ ಅಂತಿ. ಹೌದು. ಮುಗಿಸ್ಲಿ. ಹೋಗ್ಲಿ ಬಿಡು ಅದು, ಅದು ದಿನಾ ಹೋಗತೈತಿ.

… ಅಳು ಈಗ, ಅಕಿ ತಾಟ ನೋಡಾಕತ್ತಾಳ, ನಿನ್ನನ್ನ ನೋಡಂಗಿಲ್ಲ. … ನಾಳೆ ಮುಂಜಾನೆ ಔಷಧಕ್ಕ ಹೋಗು. ಆದ ಮ್ಯಾಲ ನನಗ ಫೋನ ಮಾಡು, ಹೊಲದಾಗ ಇದ್ರೂ ಎತ್ತತೇನಿ. … ಏನ ಬೇಕಂತ ಅಕಿಗೆ? … ಇನ್ನಷ್ಟ ಹಿಂಡಿ! ಹಾಕು, ಹಾಕು, ಇನ್ನ ಒಂದ ಚಿಮಟಿ.

… ತಂಗಿ, ಆ ಅಜ್ಜಗ ಇನ್ನೊಂದ ಗಂಜಿ ಹೇಳು. … ಅಕಿಗಲ್ಲ. ನಿನಗ. … ಹಸಿವಿಲ್ಲ ಅನ್ನಬ್ಯಾಡ, ಮೂರ ದಿನ ಆತು. ನೀ ಬಿದ್ರ ಅಕಿನ್ನ ಎತ್ತವ್ರ ಯಾರು? … ಹೇಳಿದೇನು? … ಬಂತಾ? ತುತ್ತ ಎತ್ತಿದೇನು? … ವಿದ್ಯಾವತಿ? ಬಾಯಾಗ ಇಟ್ಟಿಯೇನು ತಂಗಿ? … ಚಾರ್ಜ ಮುಗೀತೇನು? … ಹಲೋ? … ಹಲೋ…